ನಾಯಿ ಉಚ್ಚಿ ನಾತಕ್ಕ ಎಂಜೈಮ್ ಕ್ಲೀನರ್: ರಾಯಚೂರು ಬಿಸಲಾಗ ಎಂಟು ತಿಂಗಳ ಬಳಸಿ ನೋಡಿದ್ದು

ನಮ್ಮ ಗೌರಿಗೆ ಈಗ ಹನ್ನೊಂದು ವರ್ಷ. ಸ್ಟೇಷನ್ ರೋಡಿನಾಗ ಮಳಿಗೆ ನಡಗ್ಕೋತ ಕುಂತಿದ್ದ ಬೀದಿ ಮರಿನ ನಮ್ಮ ತಂಗಿ ದುಪಟ್ಟಾದಾಗ ಸುತ್ಕೊಂಡು ತಂದಿದ್ಲು, ಅವತ್ತಿಂದ ಅಕಿ ನಮ್ಮನಿ ಮಗಳು. ಇಷ್ಟು ವರ್ಷದಾಗ ಒಂದು ದಿನ ಮನಿಯೊಳಗ ಗಲೀಜು ಮಾಡಿದಾಕಿ ಅಲ್ಲ, ಬಾಗಲ ಹತ್ರ ಹೋಗಿ ಕುಂಯ್ ಅಂತಿದ್ಲು, ತಗಿಯೋತನ ಕಾಯ್ತಿದ್ಲು. ಹೋದ ದೀಪಾವಳಿ ಮುಗದ ಮ್ಯಾಲ ಮುಂಜಾನಿ ಎದ್ದು ನೋಡಿದ್ರ ಅಕಿ ಮಲಗಿದ್ದ ಕೌದಿ ತೊಯ್ದಿರ್ತಿತ್ತು, ಕೆಳಗಿನ ಫರ್ಸಿ ಮ್ಯಾಲ ತಟ್ಟಿಯಷ್ಟು ಅಗಲ ಹಸಿ.

ಮೊದಲ ನಾಕು ದಿನ ನಾವು ಬೈದ್ವಿ. ಅಕಿ ಕಿವಿ ಹಿಂದಕ ಹಾಕ್ಕೊಂಡು ಮಂಚದ ಕೆಳಗ ಹೋಗಿ ಕುಂತ್ಲು, ಊಟಕ್ಕೂ ಬರಲಿಲ್ಲ. ಆ ಮಾರಿ ನೆನಪಾದ್ರ ಇವತ್ತಿಗೂ ಹೊಟ್ಯಾಗ ಸಂಕಟ ಆಗ್ತದ. ಆಮ್ಯಾಲ ಪಶು ಆಸ್ಪತ್ರಿಗೆ ಕರ್ಕೊಂಡು ಹೋದಾಗ ಡಾಕ್ಟರು ಉಚ್ಚಿ ಟೆಸ್ಟ್ ಮಾಡಿಸಿ, ಸೋಂಕಿಲ್ಲ ಸಕ್ಕರಿ ಇಲ್ಲ ಅಂತ ನೋಡಿ, ಮಕ್ಕಳಾಗದಂಗ ಆಪರೇಷನ್ ಆದ ಹೆಣ್ಣು ನಾಯಿಗೆ ವಯಸ್ಸಾದ ಮ್ಯಾಲ ಮೂತ್ರಕೋಶದ ಬಾಯಿ ಬಿಗಿ ಹಿಡಿಯೋ ಶಕ್ತಿ ಕಡಿಮಿ ಆಗ್ತದಮ್ಮ, ನಿದ್ದ್ಯಾಗ ತಾನ ಸೋರ್ತದ, ಪಾಪ ಅಕಿಗೆ ಗೊತ್ತೂ ಆಗಂಗಿಲ್ಲ ಅಂದ್ರು, ಗುಳಗಿ ಬರದು ಕೊಟ್ರು. ಅದಕ್ಕ ಮೊದಲ ಹೇಳಿಬಿಡ್ತೀನಿ, ಇದ್ದಕ್ಕಿದ್ದಂಗ ನಿಮ್ಮ ನಾಯಿ ಬೆಕ್ಕು ಮನ್ಯಾಗ ಉಚ್ಚಿ ಹೊಯ್ಯಾಕ ಶುರು ಮಾಡಿದ್ರ ಯಾವ ಬಾಟ್ಲಿನೂ ಹುಡುಕಬ್ಯಾಡ್ರಿ, ಮೊದಲ ಡಾಕ್ಟರ್ ಹತ್ರ ಹೋಗ್ರಿ. ಗಂಡು ಬೆಕ್ಕು ಘಳಿಗಿಗೊಮ್ಮೆ ಕುಂತು ತಿಣಕತದ ಆದ್ರ ಉಚ್ಚಿ ಬರವಲ್ದು ಅಂದ್ರ ನಾಳಿ ನೋಡಿದ್ರಾತು ಅನ್ಬ್ಯಾಡ್ರಿ, ಉಚ್ಚಿ ದಾರಿ ಕಟ್ಟಿದ್ರ ಜೀವಕ್ಕ ಕುತ್ತು.

ಗುಳಗಿಯಿಂದ ಸೋರೋದು ಕಡಿಮಿ ಆತು, ಪೂರ್ತಿ ನಿಲ್ಲಲಿಲ್ಲ, ಮತ್ತ ಅಷ್ಟೊತ್ತಿಗೆ ನಾತ ಮನಿ ಹಿಡದಿತ್ತು. ನಮ್ಮದು ಹಳೇ ಮನಿ, ಕೆಳಗ ಶಾಬಾದ್ ಫರ್ಸಿ. ಬ್ಯಾಸಗ್ಯಾಗ ಅಷ್ಟು ತಂಪು ಯಾವ ಟೈಲ್ಸೂ ಕೊಡಂಗಿಲ್ಲ, ಆದ್ರ ಅದು ನೀರು ಹೀರ್ತದ, ಎರಡು ಫರ್ಸಿ ನಡುವಿನ ಸಿಮೆಂಟ್ ಅಂತೂ ಇನ್ನಾ ಹೀರ್ತದ. ಅವ್ವ ದಿನಾ ಎರಡು ಹೊತ್ತು ಫಿನಾಯಿಲ್ ಹಾಕಿ ಒರಸ್ತಿದ್ಲು. ಒಂದು ತಾಸು ಫಿನಾಯಿಲ್ ವಾಸ್ನಿ, ಆಮ್ಯಾಲ ಫಿನಾಯಿಲೂ ಉಚ್ಚಿನೂ ಕೂಡಿದ ವಾಸ್ನಿ. ಅದೂ ಅಲ್ಲದ ಅದು ನಾಯಿ ಬೆಕ್ಕಿಗೆ ಒಳ್ಳೇದಲ್ಲ, ಕಾಲಿಗೆ ಹತ್ತಿದ್ದನ್ನ ನೆಕ್ಕತಾವ, ಬೆಕ್ಕಿನ ಲಿವರ್‌ಗಂತೂ ಅದನ್ನ ಕರಗಸೋ ಶಕ್ತಿ ಭಾಳ ಕಡಿಮಿ.

ಒಂದಿನ ನಾನು ಬ್ಲೀಚಿಂಗ್ ಪೌಡರ್ ಹಾಕಿದೆ, ಐದು ನಿಮಿಷಕ್ಕ ಕಣ್ಣು ಉರದು ಕೆಮ್ಮು ಬಂದು ಎಲ್ಲಾರೂ ಹೊರಗ ಓಡಿ ಬಂದ್ವಿ. ಉಚ್ಚಿಯೊಳಗಿನ ಅಮೋನಿಯಾಕ್ಕ ಬ್ಲೀಚ್ ಕೂಡಿದ್ರ ಕ್ಲೋರಮಿನ್ ಅಂತ ವಿಷದ ಗಾಳಿ ಆಗ್ತದ ಅನ್ನೋದು ಆಮ್ಯಾಲ ಗೊತ್ತಾತು. ಇನ್ನೊಂದಿನ ಬಾತ್‌ರೂಮಿಗೆ ಹಾಕೋ ಆಸಿಡ್, ಹನಿ ಬಿದ್ದಲ್ಲೆಲ್ಲ ಬುಸ್ ಅಂತ ನೊರಿ ಎದ್ದು ಫರ್ಸಿ ಬೆಳ್ಳಗ ಕಲಿ ಕಟ್ತು, ಆ ಕಲಿ ಇನ್ನೂ ಹಂಗ ಅದ. ಶಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು, ಹುಳಿ ಅದಕ್ಕ ಆಗಂಗಿಲ್ಲ. ವಿಡಿಯೋದಾಗ ಎಲ್ಲಾರೂ ವಿನೆಗರ್ ಹಾಕ್ರಿ, ನಿಂಬಿಹಣ್ಣು ತಿಕ್ರಿ ಅಂತಾರ, ಟೈಲ್ಸ್ ಮನ್ಯಾವ್ರು ಬೇಕಾದ್ರ ಮಾಡ್ಕೊಳ್ರಿ, ಫರ್ಸಿ ಮನ್ಯಾವ್ರು ಕೈ ಹಚ್ಚಬ್ಯಾಡ್ರಿ.

ಈಗ ಬಾಟ್ಲಿ ವಿಷಯಕ್ಕ ಬರ್ತೀನಿ. ಮೊದಲ ತರಿಸಿದ್ದು ಒಂದು ಕಂಪನಿದು, ಮ್ಯಾಲ ನಾಯಿ ಚಿತ್ರ, ಪೆಟ್ ಓಡರ್ ರಿಮೂವರ್ ಅಂತ ದೊಡ್ಡ ಅಕ್ಷರ, ಒಳಗ ಬರೇ ಮಲ್ಲಿಗಿ ಸೆಂಟು. ಎರಡನೇದು ತರಸೋ ಮುಂದ ಬಾಟ್ಲಿ ಹಿಂದಿನ ಫೋಟೋ ದೊಡ್ಡದು ಮಾಡಿ ಓದಿದೆ, ಎಂಜೈಮ್ ಮತ್ತ ಬ್ಯಾಕ್ಟೀರಿಯಾ ಅಂತ ಇದ್ದದ್ದ ನೋಡಿ 480 ರೂಪಾಯಿ ಕೊಟ್ಟು ಅರ್ಧ ಲೀಟರ್ ತಗೊಂಡೆ. ನನ್ನ ಕೇಳಿದ್ರ ಕಂಪನಿ ಹೆಸರಿಗಿಂತ ಈ ಎರಡು ಶಬ್ದ ಮುಖ್ಯ. ಉಚ್ಚಿಯೊಳಗ ಯೂರಿಯಾ ಇರ್ತದ, ನಾವು ಭತ್ತಕ್ಕ ಹಾಕ್ತೀವಲ್ಲ ಅದೇ ಯೂರಿಯಾ, ಅದನ್ನ ಗಾಳ್ಯಾಗಿನ ನೆಲದಾಗಿನ ಬ್ಯಾಕ್ಟೀರಿಯಾ ಒಡದು ಅಮೋನಿಯಾ ಮಾಡ್ತಾವ, ಅದಕ್ಕ ಈಗ ಹೊಯ್ದ ಉಚ್ಚಿಗಿಂತ ಎರಡು ದಿನದ್ದು ಮೂಗಿಗೆ ಜಾಸ್ತಿ ಹೊಡಿತದ. ಫಿನಾಯಿಲ್ ಇದನ್ನ ಮುಚ್ಚತದ ಅಷ್ಟ. ಬಾಟ್ಲ್ಯಾಗಿನ ಬ್ಯಾಕ್ಟೀರಿಯಾ ಬ್ಯಾರೆ, ಅವೂ ಎಂಜೈಮೂ ಕೂಡಿ ನಾತ ಹುಟ್ಟಸೋ ಸರಕನ್ನ ಸಣ್ಣಗ ಒಡದು ಹಾಕ್ತಾವ.

ಆದ್ರ ಮೊದಲನೇ ವಾರ ಏನೂ ಆಗಲಿಲ್ಲ, ರೊಕ್ಕ ಹೋತು ಅಂತ ಅವ್ವ ಬೈದ್ಲು. ತಪ್ಪು ಬಾಟ್ಲಿದಲ್ಲ. ಹದಿನೈದು ನಿಮಿಷ ಬಿಡ್ರಿ ಅಂತ ಅದರ ಮ್ಯಾಲ ಬರದಿತ್ತು, ನಮ್ಮೂರಿನ ಒಣಾ ಗಾಳಿಗೆ ಮ್ಯಾಲ ಫ್ಯಾನ್ ಹಾಕಿದ್ರ ಐದು ನಿಮಿಷಕ್ಕ ಫರ್ಸಿ ಒಣಗಿ ಬಿಳಿ ಆಗ್ತದ, ಒಣಗಿದ ಕೂಡ್ಲೆ ಎಂಜೈಮಿನ ಕೆಲಸ ನಿಂತಂಗ. ಈಗ ನಾನು ಮಾಡೋದು ಹಿಂಗ. ಮೊದಲ ಹಳೇ ಅರಬಿ ಒತ್ತಿ ಉಚ್ಚಿ ಹೀರಸ್ತೀನಿ, ತಿಕ್ಕಂಗಿಲ್ಲ, ತಿಕ್ಕಿದ್ರ ಸಂದಿನಾಗ ಇನ್ನಾ ಇಳಿತದ. ಆಮ್ಯಾಲ ಬರೇ ತಣ್ಣೀರಿಲೆ ಎರಡು ಸಲ ಒರಸ್ತೀನಿ, ಯಾಕಂದ್ರ ಫಿನಾಯಿಲ್ ಉಳದಿದ್ರ ಬಾಟ್ಲ್ಯಾಗಿನ ಬ್ಯಾಕ್ಟೀರಿಯಾನೂ ಸಾಯ್ತಾವ, ಬಿಸಿನೀರೂ ಬ್ಯಾಡ ಅದೂ ಎಂಜೈಮ್ ಕೆಡಸ್ತದ. ಆಮ್ಯಾಲ ಪುಸ್ ಪುಸ್ ಅಂತ ಎರಡು ಸಲ ಹೊಡದ್ರ ಸಾಲಂಗಿಲ್ಲ, ಉಚ್ಚಿ ಎಷ್ಟು ಇಳದದೋ ಅಷ್ಟ ಇದೂ ಇಳಿಬೇಕು, ಅದಕ್ಕ ಮುಚ್ಚಳ ತಗದು ಸುರುವಿ, ಮ್ಯಾಲ ಹಸಿ ಅರಬಿ ಹಾಸಿ, ಅದರ ಮ್ಯಾಲ ಕಿರಾಣಿ ಅಂಗಡಿ ಪ್ಲಾಸ್ಟಿಕ್ ಚೀಲ ಹರದು ಹಾಸಿ, ನಾಕು ಮೂಲಿಗೆ ನಾಕು ಡಬ್ಬಿ ಇಟ್ಟು ರಾತ್ರಿ ಪೂರ್ತಿ ಬಿಡ್ತೀನಿ. ಮೊದಲ ಸಲ ಹಿಂಗ ಮಾಡಿ ಮುಂಜಾನಿ ಪ್ಲಾಸ್ಟಿಕ್ ಎತ್ತಿದಾಗ ಭಪ್ ಅಂತ ನಾತ ಬಂತು, ಎದಿ ಧಸಕ್ಕಂತು. ತಾಸು ಬಿಟ್ಟು ಒಣಗಿದ ಮ್ಯಾಲ ಅವ್ವ ಮೊಣಕಾಲೂರಿ ಕುಂತು ಫರ್ಸಿಗೆ ಮೂಗು ಹಚ್ಚಿ ನೋಡಿದ್ಲು, ಇನ್ನೊಂದು ಕಡೆ ನೋಡಿದ್ಲು, ಏನೂ ಮಾತಾಡದ ಎದ್ದು ಹೋಗಿ ಫಿನಾಯಿಲ್ ಡಬ್ಬಿ ಹಿತ್ತಲಾಗ ಇಟ್ಟು ಬಂದ್ಲು. ಸಂದಿನೊಳಗ ಹಳೇದು ಇಳದಿದ್ದ ಜಾಗಕ್ಕ ಮೂರು ರಾತ್ರಿ ಬೇಕಾತು.

ಮಾರ್ಚ್‌ನಾಗ ಕೂಲರ್ ಹಚ್ಚಿದ ದಿನ ಮತ್ತ ನಾತ. ಎಲ್ಲಾ ಕಡೆ ಮಾಡೀನಲ್ಲ ಇದೆಲ್ಲಿಂದ ಅಂತ ತಲಿ ಕೆಟ್ಟು ಹೋತು. ಒಣಗಿ ಕುಂತ ಉಚ್ಚಿ ಉಪ್ಪು ಕೂಲರಿನ ಹಸಿ ಗಾಳಿ ಕುಡದು ಮತ್ತ ಎದ್ದಿತ್ತು, ಮಳಿಗಾಲದಾಗೂ ಹಿಂಗ ಆಗ್ತದ. ಆಗ ಯುವಿ ಟಾರ್ಚ್, ಅಂದ್ರ ನೇರಳಾತೀತ ಬೆಳಕು ಬಿಡೋ ಬ್ಯಾಟರಿ, ಒಂದು ತರಿಸಿದೆ, ರಾತ್ರಿ ಎಲ್ಲಾ ಲೈಟ್ ಆರಿಸಿ ಹೊಡದ್ರ ಉಚ್ಚಿ ಕಲಿ ಹಳದಿ ಹಸರಾಗಿ ಹೊಳಿತದ. ಕಪಾಟಿನ ಕಾಲಿನ ಹತ್ರ, ಸೋಫಾ ಹಿಂದ, ಬಾಗಲ ಹೊಸ್ತಿಲಕ್ಕ, ನಾವು ಅಂದ್ಕೊಂಡೇ ಇಲ್ಲದ ಐದು ಜಾಗ ಸಿಕ್ಕವು. ಬಟ್ಟಿ ಸೋಪಿನ ಪುಡಿ ಚೆಲ್ಲಿದ್ದೂ ನೀಲಿ ಬಿಳಿ ಹೊಳಿತದ, ಅದಕ್ಕ ಮೂಗು ಹಚ್ಚಿ ಖಾತ್ರಿ ಮಾಡ್ಕೊಂಡು ಸೀಮಿಸುಣ್ಣದಿಂದ ಸುತ್ತ ಗೆರಿ ಹೊಡೀರಿ, ಬೆಳಕಾದ ಮ್ಯಾಲ ಹುಡುಕೋದು ತಪ್ಪತದ. ಬಾಟ್ಲಿ ತಗೊಳ್ಳೋರಿಗೆ ಈ ಟಾರ್ಚೂ ತಗೋರಿ ಅಂತೀನಿ, ಇದಿಲ್ಲದ ಕುರುಡರಂಗ ಸುರುವೋದು ಆಗ್ತದ.

ಆಗದ ಕೆಲಸಾನೂ ಹೇಳಬೇಕು. ಹತ್ತಿ ಗಾದಿಗೆ ಇದು ನಡೀಲಿಲ್ಲ. ಒಳಗಿನತನ ಇಳಿಬೇಕಂತ ಅರ್ಧ ಬಾಟ್ಲಿ ಸುರುವಿದೆ, ಒಳಗ ಒಣಗಲಿಲ್ಲ, ಬೂಸ್ಟ ವಾಸ್ನಿ ಬಂತು, ಕಡೀಕ ಪಿಂಜಾರ ಕಾಕಾಗ ಕೊಟ್ಟು ಕೆಟ್ಟ ಹತ್ತಿ ತಗಸಿ ಹೊಸಾದು ತುಂಬಿಸಿದ್ವಿ, ಈಗ ಗಾದಿ ಮ್ಯಾಲ ರಬ್ಬರ್ ಶೀಟ್ ಅದ. ಮತ್ತ ಖರ್ಚು. ಸುರುವಿ ಬಳಸಿದ್ರ ಅರ್ಧ ಲೀಟರ್ ಹದಿನೈದು ದಿನಾನೂ ಬರಂಗಿಲ್ಲ, ಸೋರೋದು ಜಾಸ್ತಿ ಇದ್ದ ಮನಿಗೆ ಐದು ಲೀಟರ್ ಕ್ಯಾನ್ ಹಿಡಿಸ್ತದ. ಸ್ಪ್ರೇ ಮೂತಿ ಎರಡನೇ ವಾರಕ್ಕ ಮುರೀತು. ಎಲ್ಲಕ್ಕಿಂತ ಬ್ಯಾಸರ ಅಂದ್ರ ಬಾಟ್ಲಿ ಮ್ಯಾಲ ಒಂದಕ್ಷರ ಕನ್ನಡ ಇಲ್ಲ, ನಮ್ಮವ್ವನಂಥವ್ರು ಓದೋದು ಹ್ಯಾಂಗ? ನಾನು ಒಂದು ಚೀಟಿ ಬರದು ಅಂಟಿಸೀನಿ, ತಣ್ಣೀರು, ಸುರುವು, ಮುಚ್ಚು, ರಾತ್ರಿ ಬಿಡು ಅಂತ. ಇವೆಲ್ಲಾ ಸೇರಿ ಐದಕ್ಕ ನಾಕು ಸ್ಟಾರ್.

ಆ ನಾಕು ಸ್ಟಾರ್ ಕೊಟ್ಟದ್ದು ಕೌದಿ ಸಲುವಾಗಿ. ಗೌರಿ ಮಲಗತಿದ್ದದ್ದು ನಮ್ಮಜ್ಜಿ ಹೊಲಿದ ಕೌದಿ, ಅಜ್ಜಿದೇ ಹಳೇ ಇಲಕಲ್ ಸೀರಿ ತುಂಡು, ಅಪ್ಪನ ಧೋತರ, ಅಂಚಿಗೆ ಕೆಂಪು ದಾರ. ನಾತ ಹೋಗವಲ್ದು ಅಂತ ನಮ್ಮತ್ತಿ ಅದನ್ನ ಸುಡ್ರಿ ಅಂದಿದ್ರು. ಬಕೀಟಿನಾಗ ತಣ್ಣೀರು ಹಾಕಿ ಎರಡು ಲೋಟ ಈ ಕ್ಲೀನರ್ ಕಲಿಸಿ ಒಂದು ರಾತ್ರಿ ನೆನಸಿದೆ, ಹಿಂಡಿ ಮತ್ತೊಂದು ರಾತ್ರಿ ನೆನಸಿದೆ, ಆಮ್ಯಾಲ ಒಗದು ಮಾಳಿಗಿ ಮ್ಯಾಲ ಹಾಕಿದೆ. ಸಂಜಿಕ ತರೋಕ ಹೋದಾಗ ಬರೇ ಬಿಸಲಿನ ವಾಸ್ನಿ ಇತ್ತು. ಕೆಳಗ ರಬ್ಬರ್ ಶೀಟ್ ಹಾಕಿ ಅದನ್ನ ಮತ್ತ ಗೌರಿ ಮೂಲ್ಯಾಗ ಹಾಸಿದೆ, ಅಕಿ ಮೂರು ಸುತ್ತು ಸುತ್ತಿ, ಕಾಲಿಲೆ ಕೆರದು ಹದ ಮಾಡ್ಕೊಂಡು, ಕೆಂಪು ದಾರದ ಅಂಚಿನ ಮ್ಯಾಲ ಗದ್ದ ಇಟ್ಟು ಮಲಗಿದ್ಲು.