ಜೆಬಿಗೆ ಜೊತೆಯಾಗುವ ನೆಕ್ ಪಿಕಪ್ ಯಾವುದು? ಜಾಝ್, 59, ಏರ್ ನಾರ್ಟನ್

ಹಾಸನದ ಕಡೆ ರಸಮಂಜರಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರಿಗೆ ಒಂದೇ ಹಾಡಿನಲ್ಲಿ ಎರಡು ದನಿ ಬೇಕು. ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಗಿಟಾರ್‌ನ ಕುತ್ತಿಗೆಯ ಕಡೆಗೊಂದು (ನೆಕ್), ತಂತಿ ಕಟ್ಟುವ ತುದಿಯ ಕಡೆಗೊಂದು (ಬ್ರಿಡ್ಜ್) ಇರುತ್ತದೆ. ಪಲ್ಲವಿಯ ಹಿಂದೆ ನೆಕ್ ಪಿಕಪ್‌ನ ದುಂಡನೆಯ ಕ್ಲೀನ್ ಕಾರ್ಡ್, ಬಿಜಿಎಂ ಬಂದಾಗ ಬ್ರಿಡ್ಜ್ ಪಿಕಪ್‌ನ ಚೂಪು. ಸ್ವಿಚ್ ತಳ್ಳಿದೊಡನೆ ಗಿಟಾರ್ ಇದ್ದಕ್ಕಿದ್ದಂತೆ ಗಾಯಕರ ಮೇಲೇರಿದರೆ, ಇಲ್ಲವೇ ತಬಲಾದ ಅಡಿಗೆ ಮುಳುಗಿದರೆ, ಮಿಕ್ಸರ್ ಮುಂದೆ ಕೂತವರು ಇಡೀ ರಾತ್ರಿ ಫೇಡರ್ ಹಿಡಿದೇ ಇರಬೇಕಾಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಮಾತು ಇಂಥ ಜೋಡಿಗೆ ಸರಿಯಾಗಿ ಒಪ್ಪುತ್ತದೆ.

ಬ್ರಿಡ್ಜ್ ಕಡೆಗೆ ಹೆಚ್ಚಿನವರು ಮೊದಲು ಹಾಕಿಸುವುದು ಸೇಮೋರ್ ಡಂಕನ್ ಕಂಪನಿಯ ಜೆಬಿ ಎಂಬ ಪಿಕಪ್. ಹಾಗಾಗಿ ಇಲ್ಲಿ ಜೆಬಿಯನ್ನೇ ಆಧಾರವಾಗಿಟ್ಟುಕೊಂಡು ಅದರ ಜೊತೆ ಬಾಳಬಲ್ಲ ನೆಕ್ ಪಿಕಪ್‌ಗಳನ್ನು ತೂಗಿ ನೋಡಿದ್ದೇವೆ. ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ತಂತಿ, ಕೇಬಲ್, ಕ್ಯಾಪೋ ಸಿಗುತ್ತವೆ. ಪಿಕಪ್ ಮಾತ್ರ ಸಾಮಾನ್ಯವಾಗಿ ಬೆಂಗಳೂರಿನಿಂದ ತರಿಸಬೇಕು, ಅದೂ ಕೇಳಿ ನೋಡದೆ. ಅದಕ್ಕೇ ದುಡ್ಡು ಕಟ್ಟುವ ಮುನ್ನ ಲೆಕ್ಕ ಸರಿ ಇರಬೇಕು.

ಮೊದಲು ಓಮ್ ಲೆಕ್ಕದ ಗೊಂದಲ ಬಿಡಿಸೋಣ. ಜೆಬಿಯ ಡಿಸಿ ರೆಸಿಸ್ಟೆನ್ಸ್ (ಒಳಗೆ ಸುತ್ತಿದ ತಂತಿ ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 16.4 ಕಿಲೋ ಓಮ್. ಅದೇ ಕಂಪನಿಯ ಜಾಝ್ ಮತ್ತು 59 ನೆಕ್ ಮಾದರಿಗಳೆರಡೂ ಏಳೂವರೆಯ ಆಸುಪಾಸು. ಇದನ್ನು ನೋಡಿ 'ಜೆಬಿ ಎರಡು ಪಟ್ಟು ಜೋರು, ನೆಕ್‌ಗೂ 14-15 ಕಿಲೋ ಓಮ್‌ನದೇ ಬೇಕು' ಎಂದು ತೀರ್ಮಾನಿಸಿ ದುಡ್ಡು ಕಳೆದುಕೊಳ್ಳುವವರು ಬಹಳ. ಜೆಬಿಯಲ್ಲಿ ಸುತ್ತಿರುವುದು 44 ಗೇಜ್‌ನ ತಂತಿ, 59ರಲ್ಲಿ 42 ಗೇಜ್. 44 ಗೇಜ್ ಹೆಚ್ಚು ಸಣ್ಣ. ಅಷ್ಟೇ ಉದ್ದದ ತಂತಿಗೆ ಅದರ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗೆ ನೋಡಿದರೆ ಜೆಬಿಯ 16.4, 42 ಗೇಜ್ ಲೆಕ್ಕದಲ್ಲಿ ಹತ್ತರ ಚಿಲ್ಲರೆಗೆ ಇಳಿಯುತ್ತದೆ. ಜೆಬಿ ಜೋರಾದದ್ದು ನಿಜ, ಆದರೆ ಮೀಟರ್ ತೋರಿಸುವಷ್ಟು ಅಲ್ಲ.

ಮೀಟರ್ ಕೂಡ ಹವೆಗೆ ತಕ್ಕ ಹಾಗೆ ಮಾತು ಬದಲಿಸುತ್ತದೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆ 15 ಡಿಗ್ರಿಯಲ್ಲಿ ಅಳೆದ 7.5 ಕಿಲೋ ಓಮ್ ಪಿಕಪ್, ಬೇಸಗೆಯ ಮಧ್ಯಾಹ್ನ 33 ಡಿಗ್ರಿಯಲ್ಲಿ 8 ತೋರಿಸಿದರೆ ಅದು ನಕಲಿ ಮಾಲೂ ಅಲ್ಲ, ಕೆಟ್ಟದ್ದೂ ಅಲ್ಲ.

ನೆಕ್ ಪಿಕಪ್ ಬ್ರಿಡ್ಜ್‌ಗಿಂತ ಸೌಮ್ಯವಾಗಿರಬೇಕು ಎನ್ನುವುದಕ್ಕೆ ಕಾರಣ ತಂತಿಯಲ್ಲೇ ಇದೆ. ಬ್ರಿಡ್ಜ್ ಹತ್ತಿರ ತಂತಿ ಬಿಗಿಯಾಗಿ ಕಟ್ಟಿಹಾಕಿದಂತಿದ್ದು ಸ್ವಲ್ಪವೇ ಅಲುಗುತ್ತದೆ. ಕುತ್ತಿಗೆಯ ಕಡೆಗೆ ಬಂದಂತೆ ತಂತಿಯ ಓಲಾಟ ದೊಡ್ಡದು, ಅದರಲ್ಲೂ ತಳಸ್ವರ ತುಂಬಿ ಬರುತ್ತದೆ. ಒಂದೇ ಪಿಕಪ್ಪನ್ನು ಎರಡೂ ಕಡೆ ಹಾಕಿದರೆ ನೆಕ್ ಕಡೆಯದು ತಾನಾಗಿಯೇ ಜೋರು ಮತ್ತು ಮಂದ. ಆದ್ದರಿಂದ ಏಳೂವರೆ ಕಿಲೋ ಓಮ್‌ನ ನೆಕ್ ಪಿಕಪ್ ಜೆಬಿಯ ಎದುರು ಕುಗ್ಗುವುದಿಲ್ಲ, ಸರಿಸಮವಾಗಿ ನಿಲ್ಲುತ್ತದೆ.

ಇನ್ನು ಜಾಝ್ ಮತ್ತು 59ರ ವಿಷಯ. ಎರಡರಲ್ಲೂ ಆಲ್ನಿಕೊ 5 ಅಯಸ್ಕಾಂತ, ರೆಸಿಸ್ಟೆನ್ಸ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಆದರೂ ಕಿವಿಗೆ ಎರಡೂ ಬೇರೆ. ಜಾಝ್‌ನ ತಳ ಬಿಗಿ, ಮೇಲ್ಸ್ವರ ತೆರೆದದ್ದು. ಆರನೇ ತಂತಿಯಿಂದ ಹಿಡಿದು ಪೂರ್ತಿ ಕಾರ್ಡ್ ಎಳೆದರೂ ಒಂದೊಂದು ಸ್ವರ ಬೇರೆಬೇರೆ ಕೇಳುತ್ತದೆ. 59 ಹೆಚ್ಚು ತುಂಬಿದ ದನಿ. ದಪ್ಪ ತಂತಿಗಳಲ್ಲಿ ಗುಂಡು ಸದ್ದು ದೊಡ್ಡದು, ನಡುವಿನಲ್ಲಿ ಸ್ವಲ್ಪ ತೆರಪು, ನಿಧಾನದ ಸೋಲೋಗಳಿಗೆ ತುಪ್ಪ ಸುರಿದ ಹಾಗೆ. ಸೇಮೋರ್ ಡಂಕನ್ ತಾನೇ ಹಾಟ್ ರಾಡೆಡ್ ಎಂಬ ಹೆಸರಿನಲ್ಲಿ ಜೋಡಿಯಾಗಿ ಮಾರುವುದು ಜೆಬಿ ಮತ್ತು ಜಾಝ್ ಅನ್ನು. ರಸಮಂಜರಿ ವೇದಿಕೆಗೆ ನಮ್ಮ ಮತವೂ ಅದಕ್ಕೇ. ಬಯಲಿನ ದೊಡ್ಡ ಸ್ಪೀಕರ್‌ಗಳಲ್ಲಿ ತಳಸ್ವರವನ್ನು ಬೇಸ್ ಗಿಟಾರ್, ಕೀಬೋರ್ಡ್, ರಿದಂ ಪ್ಯಾಡ್ ಮೂರೂ ಮೊದಲೇ ಹಂಚಿಕೊಂಡಿರುತ್ತವೆ. ಅಲ್ಲಿ 59 ತನ್ನ ಗುಂಡು ದನಿಯನ್ನೂ ಸೇರಿಸಿದರೆ ಗಿಟಾರ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಹಾಗೆಂದು 59 ಎಲ್ಲೆಡೆ ತಪ್ಪಲ್ಲ. ನಿಮ್ಮ ಗಿಟಾರ್‌ಗೆ 24 ಫ್ರೆಟ್ ಇದ್ದರೆ ಒಮ್ಮೆ ನಿಂತು ಯೋಚಿಸಿ. 22 ಫ್ರೆಟ್‌ನ ಗಿಟಾರ್‌ನಲ್ಲಿ ನೆಕ್ ಪಿಕಪ್ ಕೂರುವುದು 24ನೇ ಫ್ರೆಟ್ ಇರಬೇಕಾದ ಜಾಗದ ಹತ್ತಿರ, ಅಂದರೆ ಬ್ರಿಡ್ಜ್‌ನಿಂದ ತಂತಿಯ ಕಾಲು ಭಾಗದಷ್ಟು ದೂರ. 648 ಮಿ.ಮೀ. ಸ್ಕೇಲ್‌ನಲ್ಲಿ ಅದು 162 ಮಿ.ಮೀ. ನಿಜವಾಗಿಯೂ 24 ಫ್ರೆಟ್ ಇದ್ದಾಗ ಪಿಕಪ್ ಬ್ರಿಡ್ಜ್ ಕಡೆಗೆ ಸರಿಯಲೇಬೇಕು, ದನಿಯ ದುಂಡುತನ ಅಷ್ಟು ಕರಗುತ್ತದೆ. ಅಲ್ಲಿ ಜಾಝ್ ಸ್ವಲ್ಪ ಬಡಕಲಾಗಿ, 59 ಸರಿಯಾಗಿ ಕೇಳುತ್ತದೆ. ಮಹಾಗನಿ ಮರದ ಲೆಸ್ ಪಾಲ್ ಮಾದರಿಯಾದರೆ ಜಾಝ್, ಮೇಪಲ್ ಕುತ್ತಿಗೆಯನ್ನು ಬೋಲ್ಟ್ ಹಾಕಿ ಬಿಗಿದ ಚೂಪು ದನಿಯ ಗಿಟಾರ್ ಆದರೆ 59. ಹೋಂಸ್ಟೇಯ ಅಂಗಳದಲ್ಲಿ ಸಣ್ಣ ಆಂಪ್ ಇಟ್ಟು ಒಬ್ಬರೇ ನುಡಿಸುವವರಿಗೂ 59 ಹೆಚ್ಚು ಒಪ್ಪುತ್ತದೆ, ಅಲ್ಲಿ ತಳ ತುಂಬಲು ಬೇರೆ ಯಾರೂ ಇರುವುದಿಲ್ಲ.

ಡಿಮಾರ್ಜಿಯೊದ ಏರ್ ನಾರ್ಟನ್ ಸುಮಾರು 12.6 ಕಿಲೋ ಓಮ್. ಅದರ ಹಳೆಯ ಜೊತೆಗಾರ ಅದೇ ಕಂಪನಿಯ ಟೋನ್ ಝೋನ್. ಡಿಸ್ಟಾರ್ಷನ್ ಹಾಕಿ ಉದ್ದದ ಸೋಲೋ ನುಡಿಸುವವರಿಗೆ ಇದರ ದನಿ ಕೊಳಲಿನ ಹಾಗೆ ಹರಿಯುತ್ತದೆ. ಆದರೆ ಜೆಬಿಯ ಜೊತೆ, ಕ್ಲೀನ್ ಕಾರ್ಡ್‌ಗಳಿಗೆ, ಇದು ನಡುದನಿ ತುಂಬಿಕೊಂಡು ಮುಸುಕು ಹೊದ್ದಂತೆ ಕೇಳುತ್ತದೆ. ಕ್ಲೀನ್ ಹೆಚ್ಚು ಬಳಸುವವರು ಕೊಳ್ಳಬೇಡಿ. ಸೇಮೋರ್ ಡಂಕನ್‌ನ ಆಲ್ನಿಕೊ 2 ಪ್ರೊ ನೆಕ್ ಮಾದರಿ ಇನ್ನೂ ಮೆದು, ತಂತಿ ಮೀಟಿದ ಏಟು ಅಂಚು ಸವೆದಂತೆ ಬರುತ್ತದೆ. ಬ್ಲೂಸ್‌ಗೆ ಚೆನ್ನ, ವೇಗದ ಮೀಟಿಗೆ ಹಿಂದೆ ಬೀಳುತ್ತದೆ. ಅದೇ ಕಂಪನಿಯ ಸೇಥ್ ಲವರ್ ಮಾದರಿಯ ನಾದ ಬಹಳ ಚಂದ, ಆದರೆ ಅದಕ್ಕೆ ಮೇಣ ತುಂಬಿರುವುದಿಲ್ಲ. ಮಾನಿಟರ್ ಸ್ಪೀಕರ್ ಎದುರು ಜೋರು ಡಿಸ್ಟಾರ್ಷನ್‌ನಲ್ಲಿ ಕೀಚಲು ಕೂಗುತ್ತದೆ. ಇಎಂಜಿಯಂಥ ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ಪನ್ನು ಪ್ಯಾಸಿವ್ ಜೆಬಿಯ ಪಕ್ಕ ಕೂರಿಸುವ ಯೋಚನೆ ಬೇಡ. ಅದಕ್ಕೆ 9 ವೋಲ್ಟ್ ಬ್ಯಾಟರಿ, 25 ಕಿಲೋ ಓಮ್ ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ ಭಾಗ) ಬೇಕು, ಜೆಬಿಗೆ 500 ಕಿಲೋ ಓಮ್ ಬೇಕು.

ಯಮಹಾ ಪೆಸಿಫಿಕಾ 112ವಿಯಂಥ ಎಚ್‌ಎಸ್‌ಎಸ್ ಗಿಟಾರ್‌ನಲ್ಲಿ ಬ್ರಿಡ್ಜ್ ಕಡೆ ಮಾತ್ರ ಎರಡು ಕಾಯಿಲ್‌ (ತಂತಿಯ ಸುರುಳಿ) ಇರುವ ಹಂಬಕ್ಕರ್, ನಡುವೆ ಮತ್ತು ನೆಕ್ ಕಡೆ ಇರುವುದು ಸಿಂಗಲ್ ಕಾಯಿಲ್. ಇಲ್ಲಿ ಜೋರಿನ ಅಂತರಕ್ಕಿಂತ ಗುಂಯ್‌ಗುಡುವ ಸದ್ದೇ ದೊಡ್ಡ ತೊಂದರೆ. ಪೆಂಡಾಲ್‌ನ ಸೀರಿಯಲ್ ಲೈಟು, ಪಕ್ಕದ ಜನರೇಟರ್, ಅರ್ತಿಂಗ್ ಸರಿಯಿಲ್ಲದ ಪ್ಲಗ್ ಪಾಯಿಂಟ್, ಎಲ್ಲವೂ ಅದರೊಳಗೆ ನುಗ್ಗುತ್ತವೆ. ಜೆಬಿಯಿಂದ ನೆಕ್‌ಗೆ ಬಂದ ಕೂಡಲೇ ಗುಂಯ್ ಶುರುವಾದರೆ ಕೇಳುಗರಿಗೂ ಗೊತ್ತಾಗುತ್ತದೆ. ಒಂದರ ಮೇಲೊಂದು ಕಾಯಿಲ್ ಇರುವ ಸ್ಟಾಕ್ ಮಾದರಿ, ಇಲ್ಲವೇ ಸಿಂಗಲ್ ಗಾತ್ರದ ಲಿಟಲ್ 59 ನೆಕ್ ತೆಗೆದುಕೊಳ್ಳುವುದು ಕ್ಷೇಮ.

ಕೊಳ್ಳುವಾಗ ಪಿಕಪ್‌ನಿಂದ ನಾಲ್ಕು ವೈರ್ ಹೊರಬರುವ ಮಾದರಿಯನ್ನೇ ಕೇಳಿ. ಐಬನೆಝ್‌ನ ಹಲವು ಎಚ್‌ಎಸ್‌ಎಚ್ (ನಡುವೆ ಸಿಂಗಲ್, ಎರಡು ಬದಿ ಹಂಬಕ್ಕರ್) ಗಿಟಾರ್‌ಗಳಲ್ಲಿ 5 ಸ್ಥಾನದ ಸ್ವಿಚ್ 2 ಮತ್ತು 4ನೇ ಸ್ಥಾನಗಳಲ್ಲಿ ಹಂಬಕ್ಕರ್‌ನ ಒಂದೇ ಕಾಯಿಲ್ ಬಳಸುತ್ತದೆ. ಎರಡೇ ವೈರ್‌ನ ಜಡೆ ಕೇಬಲ್ ಬಂದರೆ ಆ ಸ್ಥಾನಗಳು ಕೆಲಸಕ್ಕೆ ಬಾರವು, ಫೇಸ್ (ಸಂಕೇತದ ಏರಿಳಿತದ ದಿಕ್ಕು) ತಿರುಗಿಸಲೂ ಆಗುವುದಿಲ್ಲ. ನೆಕ್ ಕಡೆ ಸುಮಾರು 49 ರಿಂದ 50 ಮಿ.ಮೀ. ಪೋಲ್ ಅಂತರ ಸಾಕು (ಪೋಲ್ ಎಂದರೆ ಪ್ರತಿ ತಂತಿಯ ಕೆಳಗಿರುವ ಲೋಹದ ತಲೆ, ಅಂತರ ಮೊದಲನೆಯದರಿಂದ ಕೊನೆಯದಕ್ಕೆ). 52-53ರ ಅಗಲದ ಮಾದರಿ ಟ್ರೆಮೊಲೊ ಇರುವ ಬ್ರಿಡ್ಜ್ ಕಡೆಗೆ.

ಬೆಸೆಯುವ ವೈರ್‌ಗಳ ಬಣ್ಣಗಳು ಕಂಪನಿಗೊಂದು ಥರ. ಸೇಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಸಂಕೇತ ಹೊರಬರುವ ವೈರ್), ಹಸಿರು ಮತ್ತು ಬರಿ ತಂತಿ ಗ್ರೌಂಡ್, ಕೆಂಪು ಬಿಳಿ ಎರಡನ್ನೂ ಒಟ್ಟಿಗೆ ಬೆಸೆದು ಟೇಪ್ ಸುತ್ತಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಹಸಿರು ಮತ್ತು ಬರಿ ತಂತಿ ಗ್ರೌಂಡ್, ಕಪ್ಪು ಬಿಳಿ ಜೋಡಿ. ಟಿ.ವಿ. ರಿಪೇರಿಯವರ ಹತ್ತಿರ ಕೊಡುವುದಾದರೆ ಇದನ್ನು ಚೀಟಿಯಲ್ಲಿ ಬರೆದುಕೊಡಿ, ಹಳೆಯ ವೈರಿಂಗ್‌ನ ಫೋಟೋ ತೆಗೆದುಕೊಂಡೇ ಬಿಚ್ಚಿಸಿ. ಪಾಟ್‌ನ ಬೆನ್ನಿಗೆ ಗ್ರೌಂಡ್ ಬೆಸೆಯಲು 25 ವ್ಯಾಟ್ ಐರನ್ ತಿಣುಕುತ್ತದೆ. ಹೆಚ್ಚು ಹೊತ್ತು ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ. 40-50 ವ್ಯಾಟ್‌ನದು ಮೂರ್ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ.

ಎರಡೂ ಪಿಕಪ್ ಒಟ್ಟಿಗಿಟ್ಟಾಗ ದನಿ ತಗಡಿನಂತೆ ತೆಳ್ಳಗಾದರೆ ಫೇಸ್ ಉಲ್ಟಾ ಆಗಿದೆ ಎಂದರ್ಥ. ಬೇರೆಬೇರೆ ಕಂಪನಿಯ ಪಿಕಪ್ ಸೇರಿಸಿದಾಗ ಇದು ಸಾಮಾನ್ಯ. ಬೆಸೆಯುವ ಮೊದಲೇ ನೋಡಿಕೊಳ್ಳಬಹುದು: ಹಾಟ್ ಮತ್ತು ಗ್ರೌಂಡ್‌ಗೆ ಮೀಟರ್ ಹಚ್ಚಿ 20 ಕಿಲೋ ಓಮ್‌ಗೆ ಇಡಿ, ಸ್ಕ್ರೂಡ್ರೈವರ್ ಅಲಗನ್ನು ಪೋಲ್‌ಗಳ ಮೇಲೆ ಅಡ್ಡ ಮಲಗಿಸಿ ಥಟ್ಟನೆ ಮೇಲೆತ್ತಿ. ಅಂಕಿ ಒಂದು ಕ್ಷಣ ಏರುತ್ತದೆಯೋ ಇಳಿಯುತ್ತದೆಯೋ ಗಮನಿಸಿ. ಎರಡೂ ಪಿಕಪ್‌ನಲ್ಲಿ ಒಂದೇ ದಿಕ್ಕಿಗೆ ಹೋಗಬೇಕು. ಇಲ್ಲದಿದ್ದರೆ ಒಂದರ ಹಾಟ್ ಮತ್ತು ಹಸಿರನ್ನು ಅದಲುಬದಲು ಮಾಡಿ, ಬರಿ ತಂತಿ ಮಾತ್ರ ಗ್ರೌಂಡ್‌ನಲ್ಲೇ ಇರಲಿ.

ನಡುವಿನ ಸ್ಥಾನದಲ್ಲಿ ಒಂದು ವಿಶೇಷ ಉಂಟು. ಜೆಬಿ ಮತ್ತು ಜಾಝ್ ಸಮಾನಾಂತರವಾಗಿ ಸೇರಿದಾಗ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಕಡಿಮೆ ಇರುವ ಜಾಝ್‌ನದೇ ಮೇಲುಗೈ. ಜೆಬಿ ಹಿಂದೆ ಸರಿದು ಅಂಚು ಮಾತ್ರ ಕೊಡುತ್ತದೆ. ಭಾವಗೀತೆಯ ಬಿಡಿಸ್ವರಗಳಿಗೆ ಈ ಜೋಡಿಯಲ್ಲಿ ಅದೇ ಅತಿ ಸೊಗಸಾದ ದನಿ.

ಬ್ರಿಡ್ಜ್‌ನಲ್ಲಿ ಜೆಬಿ ಕಿವಿ ಕೊರೆಯುತ್ತದೆ, ನೆಕ್ ಸರಿಯಾಗಿದೆ ಎನ್ನುವವರು ಪಿಕಪ್ ಮಾರಲು ಹೊರಡಬೇಡಿ. 250 ಕಿಲೋ ಓಮ್ ಪಾಟ್ ಹಾಕಿದರೆ ಜೆಬಿ ಹದಕ್ಕೆ ಬರುತ್ತದೆ, ಆದರೆ ಒಂದೇ ವಾಲ್ಯೂಮ್ ಇರುವ ಗಿಟಾರ್‌ನಲ್ಲಿ ನೆಕ್ ಕೂಡ ಮಂಕಾಗುತ್ತದೆ. ಬದಲಿಗೆ 500 ಪಾಟ್ ಹಾಗೆಯೇ ಇರಲಿ, ಸ್ವಿಚ್‌ನಲ್ಲಿ ಜೆಬಿಯ ಹಾಟ್ ಕೂಡುವ ಕಾಲಿನಿಂದ ಗ್ರೌಂಡ್‌ಗೆ ಒಂದು 470 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಎರಡೂ ಸೇರಿ ಜೆಬಿಗೆ ಸುಮಾರು 242 ಕಿಲೋ ಓಮ್ ಕಾಣುತ್ತದೆ, ನೆಕ್ ಒಂದೇ ಇದ್ದಾಗ ಅದಕ್ಕೆ ಪೂರ್ತಿ 500. ಎರಡು ಪಿಕಪ್‌ಗಳ ಹೊಳಪು ಹತ್ತಿರ ಬರಲು ಇಷ್ಟು ಸರಳವಾದ, ಇಷ್ಟು ಪರಿಣಾಮದ ದಾರಿ ಬೇರೊಂದಿಲ್ಲ.

ಎತ್ತರ ಹೊಂದಿಸುವುದಕ್ಕೆ ಅರ್ಧ ಗಂಟೆ ಬೇಕೇ ಬೇಕು. ಹೊಸ ಪಿಕಪ್ ಕೊಳ್ಳುವ ಮೊದಲೂ ಇದನ್ನೊಮ್ಮೆ ಮಾಡಿ ನೋಡಿ, ಎಷ್ಟೋ ಗಿಟಾರ್‌ಗಳ ದೂರು ಇಲ್ಲೇ ತೀರುತ್ತದೆ. ಒಂದನೇ ಮತ್ತು ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಪೋಲ್‌ನ ತಲೆಯಿಂದ ತಂತಿಯ ಅಡಿಗೆ ಅಳೆಯಿರಿ. ಶುರುವಿಗೆ ಬ್ರಿಡ್ಜ್ 1.6 ಮಿ.ಮೀ., ನೆಕ್ 2.4 ಮಿ.ಮೀ. ಆಂಪ್ ಕ್ಲೀನ್‌ನಲ್ಲೇ ಇರಲಿ, ಏಕೆಂದರೆ ಡಿಸ್ಟಾರ್ಷನ್ ಜೋರು ಮೆಲುವುಗಳನ್ನು ಅಮುಕಿ ಒಂದೇ ಮಾಡಿಬಿಡುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಒಂದೇ ಕಾರ್ಡ್, ಒಂದೇ ಬಲ, ಸ್ವಿಚ್ ಅತ್ತ ಇತ್ತ. ನೆಕ್ ಜೋರಾದರೆ ಅರ್ಧ ಸುತ್ತು ಇಳಿಸಿ. ಅರ್ಧ ಸುತ್ತೆಂದರೆ ಸುಮಾರು ಕಾಲು ಮಿಲಿಮೀಟರ್. ಜೆಬಿಯನ್ನು ಏರಿಸಿ ಸರಿಮಾಡಲು ಹೋಗಬೇಡಿ, ಅದು ತಂತಿಗೆ ತೀರಾ ಹತ್ತಿರವಾದರೆ ಏಟು ಗಡುಸಾಗುತ್ತದೆ. ನೆಕ್‌ನ ಆರನೇ ತಂತಿಯ ಕಡೆ ಇನ್ನೂ ಅರ್ಧ ಸುತ್ತು ತಗ್ಗಲಿ. ಇಳಿಸಿದ ಮೇಲೆ ದನಿ ಸ್ವಲ್ಪ ಸಪ್ಪೆ ಅನಿಸಿದರೆ ಪೋಲ್ ಸ್ಕ್ರೂಗಳನ್ನು ಮಾತ್ರ ಒಂದೊಂದು ಸುತ್ತು ಮೇಲೆತ್ತಿ. ತಳ ಹೆಚ್ಚದೆ ಸ್ಪಷ್ಟತೆ ಮರಳುತ್ತದೆ. 59 ಹಾಕಿಸಿಕೊಂಡು ಮಂದ ಎಂದು ಬೇಸರಪಟ್ಟವರು ಇದೊಂದನ್ನು ಮಾಡಿದರೆ ಅರ್ಧ ಜಾಝ್ ಸಿಕ್ಕಿದಂತೆ.

ಮಲೆನಾಡಿನ ಮಳೆಗಾಲದ ಬಗ್ಗೆಯೂ ಹೇಳಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಸ್‌ನೊಳಗೇ ಬೂಷ್ಟು ಹಿಡಿಯುತ್ತದೆ, ಪೋಲ್ ಸ್ಕ್ರೂ ತುಕ್ಕಾಗುತ್ತದೆ, ಪಾಟ್ ಕರಕರ ಅನ್ನುತ್ತದೆ. ತುಕ್ಕು ಹಿಡಿದ ಸ್ಕ್ರೂ ತಿರುಗಿಸಲು ಬಲ ಹಾಕಿದರೆ ತಲೆ ಸವೆದು ಎತ್ತರ ಹೊಂದಿಸುವ ದಾರಿಯೇ ಮುಚ್ಚಿಹೋಗುತ್ತದೆ. ನಿಕ್ಕಲ್ ಮುಚ್ಚಳದ ಮಾದರಿಗೆ ಹೆಚ್ಚಿಗೆ ಕೊಡುವುದು ಇಲ್ಲಿ ದಂಡವಲ್ಲ, ಹೊಳಪು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ ಅಷ್ಟೇ. ಹಿಂಬದಿಯ ತಟ್ಟೆ ಮುಚ್ಚುವ ಮುನ್ನ ಪಾಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ತೆಗೆದ ಹಳೆಯ ಪಿಕಪ್ಪನ್ನು ಅದರದೇ ಸ್ಕ್ರೂ, ಸ್ಪ್ರಿಂಗ್ ಸಮೇತ ಒಂದು ಡಬ್ಬಿಗೆ ಹಾಕಿಡಿ. ಹೊಸದರ ಸ್ಕ್ರೂಗಳು ಹಳೆಯ ತಳಕ್ಕೆ ಕೂರುತ್ತವೆ ಎಂಬ ಭರವಸೆ ಇಲ್ಲ.