ಹವಳದ ತೊಟ್ಟಿಗೆ ಸುಣ್ಣದ ತಿಳಿ: ಪಿಕ್ಲಿಂಗ್ ಲೈಮ್ ಒಂದು ವರ್ಷ ಬಳಸಿದ ಮೇಲೆ

"ಇದು ಎಲೆ ಅಡಿಕೆಗೆ ಹಚ್ಚೋ ಸುಣ್ಣ ಅಲ್ವೇನೋ? ಇದಕ್ಕೂ ಡಾಲರ್ ಕೊಟ್ಟೆಯಾ?" ಊರಿಂದ ಬಂದಿದ್ದ ಅಮ್ಮ ಚೀಲ ನೋಡಿದ ತಕ್ಷಣ ಕೇಳಿದ್ದು ಇದು. ಹೌದು, ಹೆಚ್ಚೂಕಡಿಮೆ ಅದೇ. ಇಲ್ಲಿ ನ್ಯೂಜೆರ್ಸಿಯಲ್ಲಿ ಸೌತೆಕಾಯಿ ಉಪ್ಪಿನಕಾಯಿ ಮೆತ್ತಗಾಗದಿರಲಿ ಎಂದು ಹಾಕುವ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಾನು ತರಿಸಿದ್ದು ಮಿಸೆಸ್ ವೇಜಸ್ ಪಿಕ್ಲಿಂಗ್ ಲೈಮ್, ಒಂದು ಪೌಂಡಿನ ಚೀಲ. ತಿನ್ನುವ ದರ್ಜೆಯದ್ದು, ಆದ್ದರಿಂದ ಹವಳಕ್ಕೂ ಧೈರ್ಯವಾಗಿ ಹಾಕಬಹುದು. (ಅಮ್ಮನ ಡಬ್ಬಿಯ ಸುಣ್ಣ ಬೇಡ, ಅದಕ್ಕೆ ಏನೇನು ಬೆರೆಸಿರುತ್ತಾರೋ.)

ನನ್ನದು ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ತೊಟ್ಟಿಯಲ್ಲಿ ಸುಮಾರು 150 ಲೀಟರ್ ನೀರಿದೆ. ಗಟ್ಟಿ ಹವಳಗಳು ಬೆಳೆಯುತ್ತಾ ನೀರಿನ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಕ್ಷಾರ ಗುಣ) ಎರಡನ್ನೂ ಒಟ್ಟೊಟ್ಟಿಗೆ ಎಳೆದುಕೊಳ್ಳುತ್ತವೆ. ಮೊದಲು ಒಂದೊಂದಕ್ಕೆ ಒಂದರಂತೆ ಎರಡು ಬಾಟಲಿ ದ್ರಾವಣ ತಂದು ಹಾಕುತ್ತಿದ್ದೆ, ತಿಂಗಳು ತಿಂಗಳು ದುಡ್ಡು ಸುರಿಯೋದೇ ಆಯಿತು. ಸುಣ್ಣದಲ್ಲಿ ಎರಡೂ ಹವಳಕ್ಕೆ ಬೇಕಾದ ಅಳತೆಯಲ್ಲೇ ಇರುತ್ತವೆ. 2.8 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಆಲ್ಕಲಿನಿಟಿ ಸಿಕ್ಕರೆ ಜೊತೆಗೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಕ್ಯಾಲ್ಸಿಯಂ.

ಮಾಡುವ ಕೆಲಸ ಸುಲಭ. ಒಂದು ಗ್ಯಾಲನ್ ಆರ್‌ಒ ನೀರಿಗೆ ಒಂದು ಟೀ ಚಮಚ ಪುಡಿ ಹಾಕಿ ಕಲಕಿ ಬಿಡುತ್ತೇನೆ, ಎರಡು ಚಮಚ ಹಾಕಿದರೆ ನೀರು ಹಿಡಿಸುವಷ್ಟು ಪೂರ್ತಿ ಆಯಿತು, ಅದಕ್ಕಿಂತ ಜಾಸ್ತಿ ಹಾಕಿದ್ದು ಸುಮ್ನೆ ತಳದಲ್ಲಿ ಕೂರುತ್ತದೆ. ಕೆಲವು ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಮುಚ್ಚಳ ಮರೆಯಬೇಡಿ. ಶಾಲೆಯಲ್ಲಿ ಸುಣ್ಣದ ತಿಳಿಗೆ ಕೊಳವೆಯಲ್ಲಿ ಊದಿ ಹಾಲಿನ ಹಾಗೆ ಮಾಡಿದ್ದು ನೆನಪಿದೆಯಾ? ಬಾಯಿ ತೆರೆದ ಡಬ್ಬದಲ್ಲೂ ಅದೇ ನಡೆಯುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಮೇಲೆ ಕೆನೆ ಕಟ್ಟುತ್ತದೆ, ಅಷ್ಟು ಸುಣ್ಣ ದಂಡ.

ನನಗೆ ನಿಜಕ್ಕೂ ಇಷ್ಟವಾಗಿದ್ದು ಚಳಿಗಾಲದಲ್ಲಿ. ಡಿಸೆಂಬರಿನಿಂದ ಕಿಟಕಿ ತೆಗೆಯೋ ಹಾಗಿಲ್ಲ, ಮನೆ ತುಂಬ ಜನ, ಒಲೆ ಬೇರೆ ಉರಿಯುತ್ತಿರುತ್ತದೆ, ಒಳಗೆ ತುಂಬಿದ ಇಂಗಾಲದ ಡೈಆಕ್ಸೈಡ್ ನೀರಿಗೂ ಸೇರಿ ತೊಟ್ಟಿಯ ಪಿಎಚ್ 7.8ಕ್ಕೆ ಇಳಿದು ಅಲ್ಲೇ ಕೂತಿರುತ್ತಿತ್ತು. ಸುಣ್ಣ ನೀರಿನಲ್ಲಿರುವ ಆ ಡೈಆಕ್ಸೈಡನ್ನೇ ಹೀರಿಕೊಳ್ಳುತ್ತದೆ. ರಾತ್ರಿ ಹೊತ್ತು ಹನಿ ಹನಿಯಾಗಿ ಬಿಟ್ಟ ಮೇಲೆ 8.1, 8.2ರಲ್ಲಿ ನಿಂತಿದೆ.

ಈಗ ಪುಡಿಯದ್ದಲ್ಲದ ತಪ್ಪು. ಆವಿಯಾದ ನೀರನ್ನು ತಾನೇ ತುಂಬುವ ಯಂತ್ರಕ್ಕೆ ಈ ತಿಳಿಯನ್ನು ಜೋಡಿಸಿದ್ದೆ. ಜನವರಿಯ ಒಂದು ರಾತ್ರಿ ಅದರ ತೇಲುಗುಂಡು ಸುಣ್ಣ ಹಿಡಿದು ಸಿಕ್ಕಿಕೊಂಡಿತು, ಐದು ಗ್ಯಾಲನ್ ಪೂರ್ತಿ ಒಳಗೆ. ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿ ಮಜ್ಜಿಗೆ! ಏರಿದ ಪಿಎಚ್ ಇಳಿಯಲಿ ಎಂದು ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದು, ಗಾಳಿ ಪಂಪ್ ಹಾಕಿ, ಶಾಲು ಹೊದ್ದು ಕೂತೆ. ಮರುದಿನ ತಿಳಿಯಾಯಿತು, ಆದರೆ ಎರಡು ಅಕ್ರೊಪೋರಾ (ಕೊಂಬೆಯಂತೆ ಬೆಳೆಯುವ ಗಟ್ಟಿ ಹವಳ) ಬೆಳ್ಳಗಾಗಿ ಹೋದವು, ಹೀಟರ್ ಮೇಲೆ ಬಿಳಿ ಪೊರೆ, ವಿನೆಗರ್‌ನಲ್ಲಿ ನೆನೆಸಿ ಉಜ್ಜಬೇಕಾಯಿತು. ಈಗ ಅಳತೆ ಮಾಡಿ ಸ್ವಲ್ಪ ಸ್ವಲ್ಪವೇ ಬಿಡುವ ಚಿಕ್ಕ ಡೋಸಿಂಗ್ ಪಂಪ್, ಪಕ್ಕದಲ್ಲಿ ಒಂದೇ ಗ್ಯಾಲನ್ನಿನ ಕ್ಯಾನು. ಕೆಟ್ಟರೂ ಅಷ್ಟೇ ಕೆಡುತ್ತದೆ.

ಇನ್ನೊಂದು ಮಾತು, ಇದು ಇರುವುದನ್ನು ಕಾಪಾಡುತ್ತದೆ, ಹಾಳಾದದ್ದನ್ನು ಸರಿ ಮಾಡುವುದಿಲ್ಲ. ಆಲ್ಕಲಿನಿಟಿ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ 350 ಪಿಪಿಎಂಗೆ ಬಿದ್ದಿದ್ದರೆ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಮೇಲೆತ್ತಿಕೊಳ್ಳಿ. ಮೆಗ್ನೀಸಿಯಂ ಬೇರೆಯಾಗಿಯೇ ನೋಡಿಕೊಳ್ಳಬೇಕು. ಮತ್ತೆ, ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೋ ಅಷ್ಟೇ ತಿಳಿ ಹಾಕಲು ಸಾಧ್ಯ. ನನ್ನಲ್ಲಿ ಎರಡು ಲೀಟರ್ ಹೋಗುತ್ತದೆ, ಈ ಒಂದು ಚಮಚದ ಲೆಕ್ಕದಲ್ಲಿ ದಿನಕ್ಕೆ ಮುಕ್ಕಾಲು ಡಿಕೆಎಚ್ ಸಿಗುತ್ತದೆ, ನನಗೆ ಸಾಕು. ತೊಟ್ಟಿ ತುಂಬ ಅಕ್ರೊಪೋರಾ ಇಟ್ಟವರಿಗೆ ಎರಡು ಚಮಚ ಹಾಕಿದರೂ ಸಾಲದು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಒಂದು ಚೀಲ ಒಂಬತ್ತು ತಿಂಗಳು ಬಂತು. ಅರ್ಧ ಅಂಕ ಕಳೆದದ್ದು ಆ ಹಾರುವ ಧೂಳಿಗೆ, ಕಣ್ಣಿಗೆ ಬಿದ್ದರೆ ಸುಡುತ್ತದೆ, ತಿಳಿಯ ಪಿಎಚ್ಚೇ 12ರ ಮೇಲಿದೆ. ಕನ್ನಡಕ ಹಾಕಿಕೊಂಡೇ ಚಮಚ ಹಿಡಿಯಿರಿ, ಮಕ್ಕಳಿಗೆ ಎಟುಕದ ಕಡೆ ಇಡಿ.