ಅಕ್ಕಿ, ಬೇಳೆಯ ಜೊತೆ ಸಾಲವನ್ನೂ ಮಾರುವ ಮಳಿಗೆ

ದಾವಣಗೆರೆಯಲ್ಲಿ ನಾವು ತಿಂಗಳ ಸಾಮಾನು ತರುವ ದೊಡ್ಡ ರಿಯಾಯಿತಿ ಮಳಿಗೆಯು ಈಗ ಒಂದು ಬ್ಯಾಂಕಿನ ಜೊತೆಗೂಡಿ ತನ್ನ ಹೆಸರಿನ ಕ್ರೆಡಿಟ್ ಕಾರ್ಡ್ ಕೊಡುತ್ತಿದೆ. ಮನೆಖರ್ಚಿಗೆ ಅದನ್ನು ಬಳಸುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವ ಮನೆಗೆ ಇದು ಒಳ್ಳೆಯ ರಿಯಾಯಿತಿ ಚೀಟಿ. ಕೈ ಖಾಲಿಯಾದ ತಿಂಗಳಿಗೆ ಆಸರೆಯಾದೀತೆಂದು ತೆಗೆದುಕೊಳ್ಳುವವರಿಗೆ ಬಲು ದುಬಾರಿ ಸಾಲ.

ಕಾರ್ಡ್ ಮಾಡಿಸುವ ಮೇಜನ್ನು ಬಿಲ್ಲಿಂಗ್ ಕೌಂಟರಿನ ಎದುರಿಗೇ, ಅಡುಗೆ ಎಣ್ಣೆಯ ಡಬ್ಬಿಗಳ ಪಕ್ಕದಲ್ಲಿ ಹಾಕಿದ್ದಾರೆ. ಟ್ರಾಲಿ ತುಂಬಿಸಿಕೊಂಡು ಸಾಲಿನಲ್ಲಿ ನಿಂತವರನ್ನು ಟ್ಯಾಬ್ ಹಿಡಿದ ಹುಡುಗನೊಬ್ಬ "ಅಕ್ಕಾರೆ, ಆಧಾರ್, ಪ್ಯಾನ್ ಇದ್ರೆ ಸಾಕ್ರಿ, ಇಲ್ಲೇ ಆಗತೈತಿ" ಎಂದು ಮಾತನಾಡಿಸುತ್ತಾನೆ. ಹುಡುಗ ಸೌಜನ್ಯದವನು, ಕೆಲಸವೂ ಚುರುಕು. ಆದರೆ ಬಡ್ಡಿ ಎಷ್ಟೆಂದು ಕೇಳಿದರೆ "ಟೈಮಿಗೆ ಕಟ್ಟಿದ್ರೆ ಬಡ್ಡಿನೇ ಇಲ್ರಿ" ಎನ್ನುವುದರಾಚೆಗೆ ಅವನ ಉತ್ತರ ಹೋಗುವುದಿಲ್ಲ. ಬಡ್ಡಿಯ ದರವಿರುವ ಷರತ್ತುಗಳ ಪುಟ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ. ಇಂಥ ಷರತ್ತುಗಳು ಸರಳವಾಗಿರಬೇಕು, ಆದಷ್ಟೂ ಸ್ಥಳೀಯ ಭಾಷೆಯಲ್ಲೂ ಸಿಗಬೇಕು ಎಂಬ ಆಶಯ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಆಫರಿನ ಫಲಕವನ್ನು ಇಷ್ಟು ದಪ್ಪ ಕನ್ನಡದಲ್ಲಿ ಬರೆಸಿದವರಿಗೆ ಬಡ್ಡಿಯ ದರವನ್ನೂ ಬರೆಸುವುದು ಕಷ್ಟವೇನಲ್ಲ.

ಲೆಕ್ಕಕ್ಕೆ ಬರೋಣ. ಈ ಮಳಿಗೆಯಲ್ಲಿ ಕೊಂಡದ್ದಕ್ಕೆ ಶೇ 5ರಷ್ಟು, ಹೊರಗೆ ಕೊಂಡದ್ದಕ್ಕೆ ಶೇ 1ರಷ್ಟು ಕ್ಯಾಶ್‌ಬ್ಯಾಕ್ ಸಿಗುತ್ತದೆ. ವಾರ್ಷಿಕ ಶುಲ್ಕ 500 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿ 590. ಅಂದರೆ ವರ್ಷಕ್ಕೆ 11,800 ರೂಪಾಯಿಯ ಸಾಮಾನು ಇಲ್ಲಿ ಕೊಂಡರೆ ಶುಲ್ಕದ ಹಣ ವಾಪಸು ಬಂದಂತೆ, ಅಲ್ಲಿಂದ ಮುಂದಿನದು ಲಾಭ. ನಾಲ್ಕೈದು ಜನರ ಮನೆಗೆ ಇದು ದೊಡ್ಡ ಮೊತ್ತವಲ್ಲ, ಆದ್ದರಿಂದ ಲಾಭವೂ ನಿಜವಾದದ್ದೇ. ಆದರೆ ಬಾಕಿ ಉಳಿದರೆ ಬಡ್ಡಿ ತಿಂಗಳಿಗೆ ಶೇ 3.75. ಹತ್ತು ಸಾವಿರ ಬಾಕಿಗೆ ಒಂದು ತಿಂಗಳ ಬಡ್ಡಿ 375 ರೂಪಾಯಿ, ಅದರ ಮೇಲಿನ ಜಿಎಸ್‌ಟಿಯೂ ಸೇರಿದರೆ 442 ರೂಪಾಯಿ 50 ಪೈಸೆ. 8,850 ರೂಪಾಯಿಯ ಖರೀದಿಯಿಂದ ಗಳಿಸಿದ ಕ್ಯಾಶ್‌ಬ್ಯಾಕ್ ಒಂದೇ ತಿಂಗಳಲ್ಲಿ ಕರಗಿಹೋಯಿತು. ಬಿಲ್ಲಿನಲ್ಲಿ ತೋರಿಸುವ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿದರೆ ತಡಪಾವತಿಯ ದಂಡ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಅದೂ ಗಡುವು ಮುಗಿದ ದಿನದಿಂದಲ್ಲ, ಸಾಮಾನು ಕೊಂಡ ದಿನದಿಂದಲೇ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಮೇಜಿನ ಬಳಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು.

ಮಂಡಿಪೇಟೆ, ಚೌಕಿಪೇಟೆಯ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಬರೆಸಿ ಬೆಳೆದ ಊರು ನಮ್ಮದು. ಅಲ್ಲಿ ಸಾಮಾನಿನ ಬೆಲೆ ನಾಲ್ಕಾಣೆ ಹೆಚ್ಚಿರುತ್ತಿತ್ತು, ಆದರೆ ತಡವಾದದ್ದಕ್ಕೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿರಲಿಲ್ಲ. ಸಾಹುಕಾರರು ಮುಖ ಗಂಟಿಕ್ಕುತ್ತಿದ್ದರು, ಅಷ್ಟೇ. ಹೊಸ ಮಳಿಗೆ ಬೆಲೆಯಲ್ಲಿ ಬಿಟ್ಟುಕೊಟ್ಟದ್ದನ್ನು ಸಾಲದಲ್ಲಿ ವಸೂಲು ಮಾಡುವ ದಾರಿ ಕಂಡುಕೊಂಡಿದೆ.

ಅಂಗಡಿಯೇ ಬ್ಯಾಂಕ್ ತೆರೆಯದೆ ಇನ್ನೊಂದು ಬ್ಯಾಂಕಿನ ಹೆಗಲ ಮೇಲೆ ಏಕೆ ಕೈ ಹಾಕಿದೆ ಎಂದು ಕೇಳುವವರು ಅಮೆರಿಕದ ದೊಡ್ಡ ಮಳಿಗೆ ಸರಣಿ ವಾಲ್‌ಮಾರ್ಟ್‌ನ ಕಥೆ ನೋಡಬೇಕು. ಆ ಕಂಪನಿ 2005ರಲ್ಲಿ ಯೂಟಾ ರಾಜ್ಯದಲ್ಲಿ ಬ್ಯಾಂಕ್ ತೆರೆಯಲು ಅರ್ಜಿ ಹಾಕಿತು. ಕಾರ್ಡ್ ವಹಿವಾಟಿನ ಖರ್ಚು ಉಳಿಸುವುದಷ್ಟೇ ಉದ್ದೇಶವೆಂದರೂ ಸಣ್ಣ ಬ್ಯಾಂಕುಗಳೂ ಕಾರ್ಮಿಕ ಸಂಘಗಳೂ ಪಟ್ಟು ಹಿಡಿದು ವಿರೋಧಿಸಿದ್ದರಿಂದ 2007ರಲ್ಲಿ ಅರ್ಜಿಯನ್ನು ಹಿಂಪಡೆಯಿತು. ಮೆಕ್ಸಿಕೊ ಮತ್ತು ಕೆನಡಾದಲ್ಲಿ ಪರವಾನಗಿ ದೊರೆತು ಬ್ಯಾಂಕ್ ನಡೆಸಿತಾದರೂ ಕೊನೆಗೆ ಎರಡನ್ನೂ ಮಾರಿತು. ನಮ್ಮಲ್ಲೂ ದೊಡ್ಡ ಉದ್ಯಮ ಸಮೂಹಗಳಿಗೆ ಬ್ಯಾಂಕ್ ತೆರೆಯಲು ಅವಕಾಶ ಕೊಡಬಹುದೆಂದು 2020ರಲ್ಲಿ ರಿಸರ್ವ್ ಬ್ಯಾಂಕಿನ ಆಂತರಿಕ ಕಾರ್ಯಪಡೆಯೊಂದು ಶಿಫಾರಸು ಮಾಡಿತ್ತು. ಮರುವರ್ಷ ರಿಸರ್ವ್ ಬ್ಯಾಂಕ್ ಒಪ್ಪಿಕೊಂಡ 21 ಶಿಫಾರಸುಗಳಲ್ಲಿ ಅದು ಇರಲಿಲ್ಲ. ಸಾಲ ಕೊಡುವವನೂ ಸರಕು ಮಾರುವವನೂ ಒಬ್ಬನೇ ಆದರೆ ಠೇವಣಿದಾರರ ಹಣ ತನ್ನದೇ ಅಂಗಡಿಗೆ ಹರಿದೀತೆಂಬ ಭಯ ಸುಳ್ಳಲ್ಲ. ಹಾಗಾಗಿ ಪಾಲುದಾರಿಕೆಯ ಕಾರ್ಡೇ ಸುಲಭದ ಬಾಗಿಲು. ವಾಲ್‌ಮಾರ್ಟ್ ಒಡೆತನಕ್ಕೆ ಬಂದ ಫ್ಲಿಪ್‌ಕಾರ್ಟ್ ಕೂಡ 2019ರಲ್ಲಿ ಆಕ್ಸಿಸ್ ಬ್ಯಾಂಕಿನೊಂದಿಗೆ ಇದೇ ಬಾಗಿಲಿನಿಂದ ಒಳಬಂದಿತು.

ಈ ಪಾಲುದಾರಿಕೆಯ ತೊಡಕು ಗ್ರಾಹಕರಿಗೆ ತಟ್ಟುವುದು ದೂರು ಹೇಳುವಾಗ. ಒಡೆದ ಪ್ರೆಷರ್ ಕುಕ್ಕರನ್ನು ನಾನು ವಾಪಸು ಮಾಡಿದಾಗ ಹಣ ಮರಳಿತು, ಆದರೆ ಕ್ಯಾಶ್‌ಬ್ಯಾಕನ್ನು ಎರಡು ಸಲ ಕಡಿತ ಮಾಡಿದ್ದರು. ಮಳಿಗೆಯವರು ಬ್ಯಾಂಕನ್ನು ಕೇಳಿ ಎಂದರು, ಬ್ಯಾಂಕಿನವರು ಮಳಿಗೆಯನ್ನು ಕೇಳಿ ಎಂದರು. ಕಾರ್ಡಿನ ವಹಿವಾಟಿನ ಮಾಹಿತಿ ಮಳಿಗೆಗೆ ಸಿಗಬಾರದೆಂಬುದು ನಿಯಮವೇ, ನಮ್ಮ ಹಿತಕ್ಕೇ ಇರುವ ನಿಯಮ. ಅಂದಮೇಲೆ ಉತ್ತರ ಕೊಡಬೇಕಾದ್ದು ಬ್ಯಾಂಕ್. ಲಿಖಿತ ದೂರು ಕೊಟ್ಟ ಮೇಲೆ ಹಣ ಜಮೆಯಾಯಿತು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು.

ಕಾರ್ಡ್ ಬೇಡವೆನಿಸಿದವರು ಸುಮ್ಮನೆ ಕತ್ತರಿಸಿ ಎಸೆಯಬಾರದು, ವಾರ್ಷಿಕ ಶುಲ್ಕ ಬೀಳುತ್ತಲೇ ಇರುತ್ತದೆ. ಉಳಿದ ಕ್ಯಾಶ್‌ಬ್ಯಾಕ್ ಬಳಸಿ, ಬಾಕಿ ತೀರಿಸಿ, ಮುಚ್ಚುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಮಗೆ ದಂಡ ಕೊಡಬೇಕಾಗುತ್ತದೆ.